ಹಿಮಬಯಲಿನ ಬದುವಿನ ಜಗಳ

ಕೊಡೇಕಲ್ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಕಾಲಜ್ಞಾನದ ಬಸವಣ್ಣ. ಹಿಂದೆ ಸುರಪುರ ತಾಲ್ಲೂಕಿನಲ್ಲಿದ್ದು, ಈಗ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿಗೆ ಸೇರಿರುವ ಈ ಊರಿನ ಸುತ್ತ ಬಂಡೆಗಲ್ಲಿನ ಗುಡ್ಡ, ಎರೆ ಹೊಲ, ಕುರಿ ಮೇಯುವ ಬಯಲು. ಮುಂಗಾರಿಗೆ ಮುಂಚಿನ ದಿನಗಳಲ್ಲಿ ಇಂಥ ಬಯಲು ದಾಟುವವರಿಗೆ ಟಿಟ್ಟಿಭ ಹಕ್ಕಿಯ ಬೈಗುಳ ತಪ್ಪಿದ್ದಲ್ಲ. ದೂರದಲ್ಲಿ ಮನುಷ್ಯನೋ ನಾಯಿಯೋ ಕಂಡರೆ ಸಾಕು, ಅದು ಕಿರುಚುತ್ತ ಮೇಲೇರಿ ತಲೆಯ ಮೇಲೆಯೇ ಎರಗಿ ಬರುತ್ತದೆ. ಕುರಿಗಾರರಿಗೆ ಇದರ ಅರ್ಥ ಗೊತ್ತು: ಹತ್ತಿರದಲ್ಲೇ ಬರಿ ನೆಲದ ಮೇಲೆ, ಹರಳುಗಲ್ಲುಗಳ ನಡುವೆ ಅದರ ಮೊಟ್ಟೆಗಳಿವೆ. ತನ್ನ ಮೊಟ್ಟೆ ಕೊಂಡೊಯ್ದ ಸಮುದ್ರದ ಮೇಲೆಯೇ ಜಗಳಕ್ಕೆ ನಿಂತ ಟಿಟ್ಟಿಭದ ಕತೆ ಪಂಚತಂತ್ರದಲ್ಲಿದೆ. ಆ ಕತೆ ಕಟ್ಟಿದವರು ಹಕ್ಕಿಯನ್ನು ಬಯಲಲ್ಲಿ ನಿಂತು ನೋಡಿದವರೇ ಇರಬೇಕು.

ಗಿಡಮರವಿಲ್ಲದ ಬಯಲಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ಮರೆಯೆಂಬುದಿಲ್ಲ. ಒಂದೋ ಮೊಟ್ಟೆ ಕಲ್ಲಿನ ಬಣ್ಣದಲ್ಲಿರಬೇಕು, ಇಲ್ಲವೇ ತಾಯಿ ತಂದೆಗಳು ಜಗಳಗಂಟರಾಗಬೇಕು. ಟಿಟ್ಟಿಭ ಎರಡನ್ನೂ ಮಾಡುತ್ತದೆ. ಇದೇ ಜಗಳಗಂಟತನ ಪರಾಕಾಷ್ಠೆ ಮುಟ್ಟಿರುವುದನ್ನು ನೋಡಬೇಕಾದರೆ ಮಾತ್ರ ಹದಿನಾರನೆಯ ಅಕ್ಷಾಂಶದ ಕೊಡೇಕಲ್ಲಿನಿಂದ ಎಪ್ಪತ್ತರ ಆಚೆಗೆ, ಉತ್ತರ ಧ್ರುವದ ಅಂಚಿಗೆ ಹೋಗಬೇಕು. ಅಲ್ಲಿಯದು ಟಂಡ್ರಾ. ಮೇಲೆ ಒಂದೆರಡು ಗೇಣು ಕರಗಿದ ಜವುಗು ಮಣ್ಣು, ಕೆಳಗೆ ಎಂದೂ ಕರಗದ ಹಿಮಗಟ್ಟಿದ ನೆಲ, ಮೇಲ್ಮೈಯಲ್ಲಿ ಪಾಚಿ, ಹುಲ್ಲು, ಮೊಣಕಾಲೆತ್ತರದ ಕುರುಚಲು. ಆ ಬಯಲಿನ ಯಜಮಾನಿಕೆಗಾಗಿ ಬೇಸಿಗೆಯ ಎರಡು ಮೂರು ತಿಂಗಳು ಹೊಡೆದಾಡುವ ಹಕ್ಕಿಗಳ ಹೆಸರು ಸ್ಕುವಾ.

ಹೆಸರಿನಲ್ಲೇ ತಪ್ಪು

ಸ್ಕುವಾಗಳಲ್ಲಿ ಒಟ್ಟು ಏಳು ಜಾತಿ. ಅವುಗಳಲ್ಲಿ ಮೂರು, ಅಂದರೆ ಪೊಮರೈನ್, ಆರ್ಕ್ಟಿಕ್ ಮತ್ತು ನೀಳಬಾಲದ ಸ್ಕುವಾ, ಉತ್ತರದ ಟಂಡ್ರಾದಲ್ಲಿ ಸಂಸಾರ ಹೂಡುತ್ತವೆ. ನೀಳಬಾಲದ್ದು ತೂಕದಲ್ಲಿ ನಮ್ಮ ಊರುಕಾಗೆಯಷ್ಟೇ. ಪೊಮರೈನ್ ಅದರ ಎರಡರಷ್ಟು. ಉಳಿದ ನಾಲ್ಕು ಇನ್ನೂ ದೊಡ್ಡವು. ಅವುಗಳಲ್ಲಿ ಒಂದು ಉತ್ತರ ಅಟ್ಲಾಂಟಿಕ್ ದ್ವೀಪಗಳಲ್ಲಿದೆ, ಮಿಕ್ಕವು ದಕ್ಷಿಣ ಗೋಳಾರ್ಧದವು.

ವರ್ಷದ ಬಹುಪಾಲು ಇವು ಕಡಲಿನ ಹಕ್ಕಿಗಳು. ಅಲ್ಲಿ ಇವುಗಳ ಮುಖ್ಯ ಕಸುಬು ದರೋಡೆ. ಮೀನು ಹಿಡಿದು ಹೊರಟ ರೀವವನ್ನೋ ಕಡಲಕಾಗೆಯನ್ನೋ ಬೆನ್ನಟ್ಟಿ, ಅದು ಸುಸ್ತಾಗಿ ನುಂಗಿದ್ದನ್ನೂ ಕಕ್ಕುವಂತೆ ಮಾಡಿ, ಬೀಳುವ ಮೀನನ್ನು ಗಾಳಿಯಲ್ಲೇ ಹಿಡಿಯುತ್ತವೆ. ದೂರದಿಂದ ನೋಡಿದ ಹಳೆಯ ಕಾಲದವರು, ಹೆದರಿದ ಹಕ್ಕಿ ಹಿಕ್ಕೆ ಹಾಕಿತು, ಸ್ಕುವಾ ಅದನ್ನೇ ತಿಂದಿತು ಎಂದು ಭಾವಿಸಿದರು. ಹಾಗಾಗಿ ಅದರ ಕುಲಕ್ಕೆ ಲ್ಯಾಟಿನ್ನಿನಲ್ಲಿ ಸಗಣಿಗೆ ಸಂಬಂಧಿಸಿದ ಸ್ಟೆರ್ಕೊರೇರಿಯಸ್ ಎಂಬ ಹೆಸರು ಬಿತ್ತು. ಫ್ರಾನ್ಸಿನ ಬ್ರಿಸನ್ 1760ರಲ್ಲಿ ಬರೆದ ಆ ಹೆಸರು ಇಂದಿಗೂ ಬದಲಾಗಿಲ್ಲ. (ಸಗಣಿಯ ಮಾತು ಬಂದದ್ದರಿಂದ ಹೇಳಬೇಕು: ಕೊಡೇಕಲ್ಲಿನಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1960ರ ದಶಕದಲ್ಲಿ ಉತ್ಖನನ ಮಾಡಿದ ನವಶಿಲಾಯುಗದ ಬೂದಿದಿಬ್ಬದ ಬಗೆಗೂ ಇಂಥದೇ ಗೊಂದಲವಿತ್ತು. ಇಂಥ ದಿಬ್ಬಗಳನ್ನು ರಾಕ್ಷಸರ ಮೂಳೆಯ ಬೂದಿ ಎಂದವರಿದ್ದರು, ಜ್ವಾಲಾಮುಖಿಯದು ಎಂದವರೂ ಇದ್ದರು. ಕೊನೆಗೆ ಅದು ದನದ ದೊಡ್ಡಿಯ ಸುಟ್ಟ ಸಗಣಿ ಎಂದು ಖಚಿತವಾಯಿತು. ಅಲ್ಲಿ ಸಗಣಿ ನಿಜವಾಯಿತು, ಸ್ಕುವಾದ ವಿಷಯದಲ್ಲಿ ಸುಳ್ಳಾಯಿತು.)

ಚಳಿಗಾಲದಲ್ಲಿ ಈ ದರೋಡೆಕೋರರು ಅರಬ್ಬಿ ಸಮುದ್ರಕ್ಕೂ ಬರುತ್ತಾರೆ. ಮಂಗಳೂರು, ಮಲ್ಪೆಗಳಿಂದ ದೋಣಿಯಲ್ಲಿ ಆಳಕಡಲಿಗೆ ಹೋಗುವ ಪಕ್ಷಿವೀಕ್ಷಕರಿಗೆ ಪೊಮರೈನ್ ಸ್ಕುವಾ ಸಿಕ್ಕಿದೆ. ಅಂದರೆ ಕರ್ನಾಟಕದ ಕರಾವಳಿಯ ಮೀನುಗಾರರು ಟಂಡ್ರಾದ ಈ ಹಕ್ಕಿಯನ್ನು ಹೆಸರು ತಿಳಿಯದೆಯೇ ನೋಡಿರಬಹುದಾದ ಸಾಧ್ಯತೆ ಸಾಕಷ್ಟಿದೆ.

ಜಾಗ ಎಂಬ ವಿಚಾರ

ಹಕ್ಕಿಗಳು ನೆಲ ಹಂಚಿಕೊಳ್ಳುತ್ತವೆ ಎಂಬ ಮಾತು ಹೊಸದಲ್ಲ. ಪ್ರತಿಯೊಂದು ಜೋಡಿ ಹದ್ದಿಗೂ ವಿಶಾಲವಾದ ಜಾಗ ಬೇಕು, ಆದ್ದರಿಂದ ಅದು ನೆರೆಯಲ್ಲಿ ಇನ್ನೊಂದಕ್ಕೆ ಎಡೆ ಕೊಡದು ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಆದರೆ ಅದನ್ನು ಸಿದ್ಧಾಂತವಾಗಿ ಮಂಡಿಸಿದವರು ಜರ್ಮನಿಯ ಬರ್ನಾರ್ಡ್ ಆಲ್ಟಮ್. ಪಾದ್ರಿಯೂ ಪ್ರಾಣಿಶಾಸ್ತ್ರಜ್ಞರೂ ಆಗಿದ್ದ ಅವರ ಪುಸ್ತಕ ಬಂದದ್ದು 1868ರಲ್ಲಿ. ಅದು ಜರ್ಮನ್ ಭಾಷೆಯಲ್ಲೇ ಉಳಿದುದರಿಂದ ಇಂಗ್ಲಿಷ್ ಜಗತ್ತಿಗೆ ತಿಳಿಯಲಿಲ್ಲ. 1920ರಲ್ಲಿ ಇಂಗ್ಲೆಂಡಿನ ಎಲಿಯಟ್ ಹೊವರ್ಡ್ ಅದನ್ನೇ ಸ್ವತಂತ್ರವಾಗಿ ಮತ್ತೊಮ್ಮೆ ಕಂಡುಕೊಂಡರು. ಹೊವರ್ಡ್ ವಿಶ್ವವಿದ್ಯಾಲಯದ ಪಂಡಿತರಲ್ಲ, ಉಕ್ಕಿನ ಉದ್ಯಮದಲ್ಲಿದ್ದವರು. ಬೆಳಗಿನ ಜಾವ ಮನೆಯ ಸುತ್ತಲ ಹೊಲ ಬೇಲಿಗಳಲ್ಲಿ ಹಕ್ಕಿಗಳನ್ನು ನೋಡುತ್ತ ಕೂರುವುದು ಅವರ ಹವ್ಯಾಸ. ಗಂಡು ಹಕ್ಕಿ ಮೊದಲು ಬಂದು ಜಾಗ ಹಿಡಿಯುತ್ತದೆ, ಅದರ ಹಾಡು ಹೆಣ್ಣಿಗೆ ಕರೆಯಾಗಿರುವಂತೆಯೇ ಉಳಿದ ಗಂಡುಗಳಿಗೆ ಎಚ್ಚರಿಕೆಯೂ ಹೌದು ಎಂದು ಅವರು ತೋರಿಸಿದರು.

ಆ ಬಳಿಕ ಈ ವಿಚಾರ ಬೇಗ ಬೆಳೆಯಿತು. ಅಮೆರಿಕದ ಮಾರ್ಗರೆಟ್ ಮೋರ್ಸ್ ನೈಸ್ ಎಂಬ ಗೃಹಿಣಿ ಒಹಾಯೊದ ತಮ್ಮ ಮನೆಯ ಬಳಿಯ ಗುಬ್ಬಿಜಾತಿಯ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ಹಾಕಿ, ಯಾವ ಹಕ್ಕಿಯ ಗಡಿ ಎಲ್ಲಿ ಎಂದು ವರ್ಷಗಟ್ಟಲೆ ದಾಖಲಿಸಿದರು. ಮುಂದೆ ನೊಬೆಲ್ ಪಡೆದ ನಿಕೊ ಟಿನ್‌ಬರ್ಗನ್ 1932-33ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿದ್ದುಕೊಂಡು ಸ್ನೋ ಬಂಟಿಂಗ್ ಎಂಬ ಪುಟ್ಟ ಹಕ್ಕಿಯ ಗಡಿಜಗಳವನ್ನು ನೋಡಿ ಬರೆದರು. ನೋಬಲ್ ಎಂಬ ಇನ್ನೊಬ್ಬ ವಿಜ್ಞಾನಿ 1939ರಲ್ಲಿ, ಕಾಯ್ದುಕೊಳ್ಳುವ ಯಾವುದೇ ಜಾಗವೂ ಕ್ಷೇತ್ರವೇ ಎಂದು ಚುಟುಕಾಗಿ ವ್ಯಾಖ್ಯೆ ಕೊಟ್ಟರು.

ಆದರೆ ಮುಖ್ಯ ಪ್ರಶ್ನೆ ಬಗೆಹರಿದಿರಲಿಲ್ಲ. ಹಕ್ಕಿ ಕಾಯುವುದು ಏನನ್ನು? ಗೂಡನ್ನೇ, ಹೆಣ್ಣನ್ನೇ, ಊಟವನ್ನೇ? ಊಟಕ್ಕಾಗಿ ಎಂಬ ವಾದವನ್ನು ಡೇವಿಡ್ ಲ್ಯಾಕ್‌ರಂಥ ದೊಡ್ಡ ಪಕ್ಷಿತಜ್ಞರು ಒಪ್ಪಲಿಲ್ಲ. ಹಾಡುಹಕ್ಕಿಗಳಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟ, ಏಕೆಂದರೆ ಅವು ತಿನ್ನುವ ಹುಳುಗಳನ್ನು ಎಣಿಸುವವರಾರು? ಎಣಿಸಬಹುದಾದ ಆಹಾರ, ಬರಿಗಣ್ಣಿಗೆ ಕಾಣುವ ಗಡಿ, ಅಡ್ಡ ಬರುವ ಒಂದು ಮರವೂ ಇಲ್ಲದ ಜಾಗ ಬೇಕಿತ್ತು. ಅದು ಅಲಾಸ್ಕದಲ್ಲಿ ಸಿಕ್ಕಿತು.

ಬ್ಯಾರೊ ಎಂಬ ಊರಿನಲ್ಲಿ

ಅಲಾಸ್ಕದ ಉತ್ತರದ ತುದಿಯಲ್ಲಿರುವ ಊರು ಬ್ಯಾರೊ. 2016ರಲ್ಲಿ ಅಲ್ಲಿಯ ಜನ ಮತ ಹಾಕಿ ತಮ್ಮ ಹಳೆಯ ಹೆಸರಾದ ಉತ್ಕಿಯಾಗ್ವಿಕ್ ಎಂಬುದನ್ನೇ ಮರಳಿ ಪಡೆದರು. ಮೇ ಎರಡನೆಯ ವಾರದಲ್ಲಿ ಮೂಡಿದ ಸೂರ್ಯ ಅಲ್ಲಿ ಆಗಸ್ಟ್ ಆರಂಭದವರೆಗೆ ಮುಳುಗುವುದಿಲ್ಲ. ಅಮೆರಿಕದ ನೌಕಾಪಡೆ 1947ರಲ್ಲಿ ಅಲ್ಲೊಂದು ಸಂಶೋಧನಾಲಯ ತೆರೆಯಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಫ್ರಾಂಕ್ ಪಿಟೆಲ್ಕ ಮತ್ತು ಅವರ ಸಂಗಡಿಗರು 1950ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋಗಿ ಬಯಲನ್ನು ಕಾಲ್ನಡಿಗೆಯಲ್ಲಿ ಅಳೆಯತೊಡಗಿದರು.

ಅವರು ಎಣಿಸಿದ್ದು ಎರಡನ್ನು. ಒಂದು, ಲೆಮ್ಮಿಂಗ್ ಎಂಬ ಮೋಟುಬಾಲದ ಇಲಿಜಾತಿಯ ಪ್ರಾಣಿ. ಇನ್ನೊಂದು, ಅದನ್ನು ತಿಂದು ಬದುಕುವ ಪೊಮರೈನ್ ಸ್ಕುವಾ ಮತ್ತು ಗೂಬೆಗಳು. ಲೆಮ್ಮಿಂಗ್‌ಗಳ ಸಂಖ್ಯೆ ಮೂರು ನಾಲ್ಕು ವರ್ಷಕ್ಕೊಮ್ಮೆ ಉಕ್ಕಿ ಮತ್ತೆ ಇಳಿದುಬಿಡುತ್ತದೆ. ಉಕ್ಕಿದ ವರ್ಷ ಕಾಲಿಟ್ಟಲ್ಲೆಲ್ಲ ಲೆಮ್ಮಿಂಗ್. ಇಳಿದ ವರ್ಷ ಹುಡುಕಿದರೂ ಇಲ್ಲ. ಕಡಲಿನಿಂದ ಬರುವ ಪೊಮರೈನ್ ಸ್ಕುವಾ ಬಯಲನ್ನು ನೋಡುತ್ತದೆ. ಲೆಮ್ಮಿಂಗ್ ಇಲ್ಲದಿದ್ದರೆ ಗೂಡು ಮಾಡುವ ಗೋಜಿಗೇ ಹೋಗದೆ ಮುಂದೆ ಸಾಗುತ್ತದೆ.

1952ರಲ್ಲಿ ಲೆಮ್ಮಿಂಗ್ ಏರತೊಡಗಿದಾಗ ಬ್ಯಾರೊ ಬಳಿ ಚದರ ಮೈಲಿಗೆ ಸುಮಾರು 4 ಜೋಡಿ ಪೊಮರೈನ್ ಸ್ಕುವಾಗಳಿದ್ದವು. ಮರುವರ್ಷ, ಅಂದರೆ 1953ರಲ್ಲಿ, ಲೆಮ್ಮಿಂಗ್ ತುದಿ ಮುಟ್ಟಿದಾಗ ಅದೇ ಚದರ ಮೈಲಿಯಲ್ಲಿ ಸುಮಾರು 18 ಜೋಡಿ. ಈ ಲೆಕ್ಕವನ್ನು ಹೊಲ ಇರುವವರು ಎಕರೆಗೆ ತಿರುಗಿಸಿ ನೋಡಿದರೆ ಅದರ ತೂಕ ಗೊತ್ತಾಗುತ್ತದೆ. ಒಂದು ಚದರ ಮೈಲಿಗೆ 640 ಎಕರೆ. ಮೊದಲ ವರ್ಷ ಜೋಡಿಗೆ 160 ಎಕರೆ ಬಂತು, ಮರುವರ್ಷ ಬರೀ 35. ನೆಲ ಅಷ್ಟೇ ಇತ್ತು, ಬೆಳೆ ಹೆಚ್ಚಿತ್ತು. ಹಕ್ಕಿಗಳು ಪಾಲನ್ನು ಕಿರಿದು ಮಾಡಿಕೊಂಡವು. ಕ್ಷೇತ್ರಕ್ಕೂ ಊಟಕ್ಕೂ ನಂಟಿಲ್ಲ ಎಂದು ವಾದಿಸುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಆ ಹೊತ್ತಿಗೆ ಬೇರೆಲ್ಲೂ ಇರಲಿಲ್ಲ ಎನ್ನಬಹುದು. ಪಿಟೆಲ್ಕ, ಟೊಮಿಕ್ ಮತ್ತು ಟ್ರೈಕೆಲ್ ಈ ಅಧ್ಯಯನವನ್ನು 1955ರಲ್ಲಿ ಪ್ರಕಟಿಸಿದರು.

ಹಾಗೆಂದು ಹಕ್ಕಿಗಳು ಪಂಚಾಯಿತಿ ಕೂಡಿ ಸಮಾಧಾನವಾಗಿ ಹಂಚಿಕೊಂಡವೆಂದಲ್ಲ. ಪಾಲು ಕಿರಿದಾದಷ್ಟೂ ನೆರೆಹೊರೆಯವರು ಹತ್ತಿರವಾಗುತ್ತಾರೆ, ಬದುವಿನ ಜಗಳ ಹೆಚ್ಚುತ್ತದೆ. ಗಡಿಯ ಮೇಲೆ ಹಾರುವ ಪರಹಕ್ಕಿಯನ್ನು ಜೋಡಿಯ ಎರಡೂ ಹಕ್ಕಿಗಳು ಮೇಲೆದ್ದು ಅಟ್ಟಬೇಕು. ಒಂದು ಅಟ್ಟಲು ಹೋದಾಗ ಇನ್ನೊಂದು ಮೊಟ್ಟೆಯ ಮೇಲಿರಬೇಕು, ಇಲ್ಲದಿದ್ದರೆ ಪಕ್ಕದವನೇ ಬಂದು ಮೊಟ್ಟೆ ತಿಂದಾನು. ಅಟ್ಟುವುದರಲ್ಲಿ ಕಳೆಯುವ ಹೊತ್ತು ಬೇಟೆಯ ಹೊತ್ತಿನಿಂದಲೇ ಕಡಿತವಾಗುವಂಥದು. ಆದ್ದರಿಂದ ಪಾಲು ತೀರ ದೊಡ್ಡದಾದರೆ ಕಾಯಲಾಗದು, ತೀರ ಚಿಕ್ಕದಾದರೆ ಹೊಟ್ಟೆ ತುಂಬದು.

ಪಿಟೆಲ್ಕರು 1959ರಲ್ಲಿ ಇನ್ನೊಂದು ಮಾತು ಸೇರಿಸಿದರು. ಜಗಳವಾಡುವುದೇ ಕ್ಷೇತ್ರದ ಲಕ್ಷಣ ಎಂಬ ಹಳೆಯ ವ್ಯಾಖ್ಯೆ ಅವರಿಗೆ ಸಾಲದೆನಿಸಿತು. ಆ ಜಾಗದ ಫಲವನ್ನು ಒಂದೇ ಜೋಡಿ ಎಷ್ಟರ ಮಟ್ಟಿಗೆ ಅನುಭವಿಸುತ್ತದೆ ಎಂಬುದನ್ನು ನೋಡಬೇಕು, ಅದನ್ನು ಕೂಗಿ ಸಾಧಿಸಿತೋ ಕಚ್ಚಿ ಸಾಧಿಸಿತೋ ಎಂಬುದು ಆಮೇಲಿನ ಮಾತು ಎಂದರು. ಕಂದಾಯ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅವರು ನೋಡಿದ್ದು ಹಕ್ಕಿಗಿಂತ ಹೆಚ್ಚಾಗಿ ಅನುಭೋಗವನ್ನು. ಅವರ ಹಾದಿಯಲ್ಲೇ ದುಡಿದ ವಿಲಿಯಂ ಮಾಹರ್ 1974ರ ತಮ್ಮ ಗ್ರಂಥದಲ್ಲಿ ಮೂರೂ ಸ್ಕುವಾಗಳನ್ನು ಹೋಲಿಸಿದರು. ಪೊಮರೈನ್ ಲೆಮ್ಮಿಂಗ್ ಒಂದನ್ನೇ ನಂಬಿದ ಜೂಜುಕೋರ. ಆರ್ಕ್ಟಿಕ್ ಸ್ಕುವಾ ಟಂಡ್ರಾದ ಒಳನಾಡಿನಲ್ಲಿ ಸಣ್ಣ ಹಕ್ಕಿಗಳನ್ನು ನೆಚ್ಚಿಕೊಂಡಿದೆ. ನೀಳಬಾಲದ್ದು ಇಲಿ ಸಿಗದಿದ್ದರೆ ಹುಳು, ಕಾಡುಹಣ್ಣು ತಿಂದಾದರೂ ದಿನ ದೂಡುತ್ತದೆ.

ಕುರಿಗಾರರ ಕಾವಲುಗಾರ

ವಿಜ್ಞಾನಿಗಳು ಬರುವ ಮೊದಲೇ ಸ್ಕುವಾದ ಸಿಟ್ಟನ್ನು ಉಪಯೋಗಿಸಿಕೊಂಡವರು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಕುರಿಗಾರರು. ಅಲ್ಲಿಯ ದೊಡ್ಡ ಸ್ಕುವಾಗೆ ಅವರಿಟ್ಟ ಹೆಸರು ಬಾಂಕ್ಸಿ. ಕುರಿಮರಿ ಎತ್ತಿಕೊಂಡು ಹೋಗುವ ಕಡಲ ಹದ್ದನ್ನು ಬಾಂಕ್ಸಿ ತನ್ನ ಗೂಡಿನ ಸುತ್ತ ಸುಳಿಯಗೊಡುವುದಿಲ್ಲ. ಹೀಗಾಗಿ ಫೌಲಾ ದ್ವೀಪದಲ್ಲಿ ಹದಿನೆಂಟನೆಯ ಶತಮಾನದಲ್ಲೇ ಅದನ್ನು ಕೊಲ್ಲಬಾರದೆಂಬ ಕಟ್ಟಳೆಯಿತ್ತು. ಅನ್‌ಸ್ಟ್ ದ್ವೀಪದ ಹರ್ಮನೆಸ್ಸಿನಲ್ಲಿ ಎಡ್ಮಂಡ್‌ಸ್ಟನ್ ಮನೆತನ 1831ರಿಂದ ಅದನ್ನು ಕಾಯ್ದು ಉಳಿಸಿತು. ನಮ್ಮ ಬಯಲುಸೀಮೆಯಲ್ಲಿ ಹದ್ದು ಕಾಗೆಗಳನ್ನು ಬೆನ್ನಟ್ಟುವ ಕಾಜಾಣಕ್ಕೆ ಹಿಂದಿಯಲ್ಲಿ ಕೋತವಾಲ ಎಂಬ ಹೆಸರಿರುವುದು ಇದೇ ಗುಣಕ್ಕಾಗಿ.

ಶೆಟ್ಲೆಂಡಿನ ಪಕ್ಕದ ಫೇರ್ ಐಲ್ ದ್ವೀಪದಲ್ಲಿ 1948ರಲ್ಲಿ ಪಕ್ಷಿ ವೀಕ್ಷಣಾಲಯ ಆರಂಭವಾಯಿತು. ಅದು ಟಂಡ್ರಾ ಅಲ್ಲ, ಹುಲ್ಲು ಕುರುಚಲಿನ ದಿಬ್ಬ. ಆದರೂ ಅಲ್ಲಿ ಆರ್ಕ್ಟಿಕ್ ಸ್ಕುವಾಗಳನ್ನು ದಶಕಗಳ ಕಾಲ ಉಂಗುರ ಹಾಕಿ ಹಿಂಬಾಲಿಸಿದ್ದರಿಂದ ಅಲಾಸ್ಕದಲ್ಲಿ ಸಿಗದ ಮಾಹಿತಿ ಸಿಕ್ಕಿತು. ಅಲೆಮಾರಿ ಪೊಮರೈನ್ ಸ್ಕುವಾದಂತಲ್ಲದೆ ಆರ್ಕ್ಟಿಕ್ ಸ್ಕುವಾ ವರ್ಷ ವರ್ಷವೂ ಅದೇ ಜಾಗಕ್ಕೆ, ಸಾಮಾನ್ಯವಾಗಿ ಅದೇ ಸಂಗಾತಿಯ ಬಳಿಗೆ ಮರಳುತ್ತದೆ. ಈ ಹಕ್ಕಿಗಳಲ್ಲಿ ಕಪ್ಪು ಮೈಯವು, ಬಿಳಿ ಹೊಟ್ಟೆಯವು, ನಡುವಣ ಬಣ್ಣದವು ಎಂಬ ಭೇದವಿದೆ. ಕಪ್ಪು ಗಂಡುಗಳಿಗೆ ಸಂಗಾತಿ ಬೇಗ ಸಿಗುತ್ತದೆ ಎಂದು ಪೀಟರ್ ಒಡೊನಾಲ್ಡ್ 1983ರ ತಮ್ಮ ಪುಸ್ತಕದಲ್ಲಿ ಲೆಕ್ಕ ಕೊಟ್ಟರು. ಜಾಗ ಸಿಗದ ಎಳೆಯ ಹಕ್ಕಿಗಳ ಪಾಡು ಬೇರೆ. ಅವು ಯಾರಿಗೂ ಸೇರದ ಒಂದು ದಿಬ್ಬದ ಮೇಲೆ ಗುಂಪುಗೂಡಿ ಬೇಸಿಗೆ ಕಳೆಯುತ್ತವೆ. ಯಜಮಾನರಲ್ಲಿ ಯಾರಾದರೂ ಸತ್ತರೆ ಮಾತ್ರ ಇವಕ್ಕೆ ಬಾಗಿಲು ತೆರೆಯುತ್ತದೆ. ಹೀಗೆ ಕಾಯುವುದು ಆರ್ಕ್ಟಿಕ್ ಸ್ಕುವಾದಲ್ಲಿ ನಾಲ್ಕೈದು ವರ್ಷ, ದೊಡ್ಡ ಸ್ಕುವಾದಲ್ಲಿ ಏಳರವರೆಗೂ ನಡೆಯುವುದುಂಟು.

ಇವುಗಳ ಕ್ಷೇತ್ರದೊಳಗೆ ಹೋಗುವ ಸಂಶೋಧಕರು ತಲೆಗಿಂತ ಎತ್ತರಕ್ಕೆ ಒಂದು ಕೋಲು ಹಿಡಿದಿರುತ್ತಾರೆ. ಎರಗುವ ಹಕ್ಕಿ ಎಲ್ಲಕ್ಕಿಂತ ಮೇಲಿರುವುದಕ್ಕೆ ಹೊಡೆಯುವುದರಿಂದ ಏಟು ಕೋಲಿಗೆ ಬೀಳುತ್ತದೆ. ಆರ್ಕ್ಟಿಕ್ ಸ್ಕುವಾ ಕೆಲವೊಮ್ಮೆ ತಂತ್ರ ಬದಲಿಸಿ, ರೆಕ್ಕೆ ಮುರಿದಂತೆ ನೆಲದ ಮೇಲೆ ಹೊರಳಾಡಿ ಬಂದವರನ್ನು ಗೂಡಿನಿಂದ ದೂರ ಸೆಳೆಯುತ್ತದೆ.

ಕಾಯುವುದಕ್ಕೆ ಏನೂ ಇಲ್ಲದಾಗ

ಗ್ರೀನ್‌ಲ್ಯಾಂಡಿನ ಈಶಾನ್ಯದ ಕಾರುಪೆಲ್ವ್ ಕಣಿವೆಯಲ್ಲಿ ಬೆನ್ವಾ ಸಿಟ್ಲರ್ ಮತ್ತು ಸಂಗಡಿಗರು 1988ರಲ್ಲಿ ಲೆಮ್ಮಿಂಗ್ ಎಣಿಕೆ ಆರಂಭಿಸಿದರು. ಮೊದಲ ಹನ್ನೆರಡು ವರ್ಷ ಏರಿಳಿತ ಹಿಂದಿನಂತೆಯೇ ಇತ್ತು. 2000ದ ನಂತರ ಏರುವುದು ನಿಂತಿತು. ಲೆಮ್ಮಿಂಗ್‌ಗಳು ಚಳಿಗಾಲ ಕಳೆಯುವುದೂ ಮರಿ ಹಾಕುವುದೂ ಹಿಮದ ಅಡಿಯಲ್ಲೇ. ಹಿಮ ನಡುವೆ ಕರಗಿ ಮತ್ತೆ ಗಟ್ಟಿಯಾದರೆ, ಅಥವಾ ಹಿಮಗಾಲ ಗಿಡ್ಡವಾದರೆ, ಅವುಗಳ ಮನೆ ಹೋಯಿತು. 2012ರಲ್ಲಿ ಪ್ರಕಟವಾದ ವರದಿ ಈ ಕಣಿವೆ ಮತ್ತು ಅದೇ ಸೀಮೆಯ ಝಾಕೆನ್‌ಬರ್ಗ್ ಎರಡರ ದಾಖಲೆಯನ್ನೂ ಸೇರಿಸಿ ನೋಡಿತು. ಹಿಮಗೂಬೆ ಬಹುತೇಕ ಮಾಯವಾಗಿತ್ತು. ನೀಳಬಾಲದ ಸ್ಕುವಾಗಳು ಪ್ರತಿ ಬೇಸಿಗೆ ಬಂದು ಜಾಗ ಹಿಡಿದು ಕೂರುತ್ತಿದ್ದವು, ಆದರೆ ಮರಿಗಳಾಗುತ್ತಿರಲಿಲ್ಲ. ಹತ್ತಿಪ್ಪತ್ತು ವರ್ಷ ಬದುಕುವ ಹಕ್ಕಿಗಳಾದ್ದರಿಂದ ನೋಡುವವರಿಗೆ ಬಯಲು ತುಂಬಿದಂತೆಯೇ ಕಾಣುತ್ತದೆ. ಯಜಮಾನರು ಮುದುಕರಾಗುತ್ತಿದ್ದಾರೆ ಎಂಬುದು ಎಣಿಕೆಯ ಪುಸ್ತಕ ತೆರೆದಾಗಲೇ ತಿಳಿಯುವುದು.

ಶೆಟ್ಲೆಂಡಿನ ಕತೆ ಇನ್ನೂ ಬೇಗ ನಡೆಯಿತು. 2021 ಮತ್ತು 2022ರಲ್ಲಿ ಹಕ್ಕಿಜ್ವರ ಬಾಂಕ್ಸಿಗಳಿಗೆ ಬಡಿಯಿತು. 2023ರಲ್ಲಿ ಬ್ರಿಟನ್ನಿನ ನೆಲೆಗಳಲ್ಲಿ ಮರುಎಣಿಕೆ ಮಾಡಿದಾಗ ಶೇಕಡ 76ರಷ್ಟು ಇಳಿದಿದ್ದವು. ಜಗತ್ತಿನ ಬಾಂಕ್ಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದ್ದದ್ದೇ ಅಲ್ಲಿ. ಎರಡು ಶತಮಾನ ಕಾಯ್ದ ಗಡಿಗಳು ಎರಡೇ ಬೇಸಿಗೆಯಲ್ಲಿ ಬರಿದಾದವು.

ಭಾರತಕ್ಕೂ ಈ ಸೀಮೆಯ ನಂಟಿದೆ. ಹೊವರ್ಡರ ಪುಸ್ತಕ ಬಂದ ಅದೇ 1920ರಲ್ಲಿ ಮನುಷ್ಯರು ಸ್ವಾಲ್ಬಾರ್ಡ್ ದ್ವೀಪಗಳ ಯಜಮಾನಿಕೆಯ ಬಗ್ಗೆ ಪ್ಯಾರಿಸ್‌ನಲ್ಲಿ ಒಪ್ಪಂದ ಮಾಡಿಕೊಂಡರು. ಬ್ರಿಟಿಷರ ಮೂಲಕ ಭಾರತದ ಹೆಸರೂ ಅದರಲ್ಲಿತ್ತು. ಆ ದ್ವೀಪದ ನೀ-ಓಲೆಸುಂಡ್ ಎಂಬಲ್ಲಿ 2008ರ ಜುಲೈ 1ರಂದು ಭಾರತದ ಹಿಮಾದ್ರಿ ಕೇಂದ್ರ ಆರಂಭವಾಯಿತು. ಅಲ್ಲಿ ನಡೆದಿರುವುದು ಹೆಚ್ಚಾಗಿ ಹಿಮನದಿ, ವಾತಾವರಣ, ಕಡಲಿನ ಅಧ್ಯಯನ. ಸ್ಕುವಾವನ್ನು ಭಾರತೀಯರು ಕೂತು ನೋಡಿದ್ದು ದಕ್ಷಿಣದಲ್ಲಿ. ಅಂಟಾರ್ಕ್ಟಿಕದ ಮೈತ್ರಿ ಮತ್ತು ಭಾರತಿ ಕೇಂದ್ರಗಳ ಸುತ್ತ ಗೂಡು ಮಾಡುವ ದಕ್ಷಿಣ ಧ್ರುವದ ಸ್ಕುವಾಗಳನ್ನು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ.

ಸುರಪುರದ ಬಯಲು

ನಿಜಾಮರ ಕಾಲದ ಸುರಪುರದಲ್ಲಿ 1841ರಿಂದ ಹನ್ನೆರಡು ವರ್ಷ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕೊಡೇಕಲ್ ಸಮೀಪದ ರಾಜನಕೋಳೂರಿನ ಶಿಲಾಗೋರಿಗಳನ್ನು ಬರೆದಿಟ್ಟವರು. ಸುರಪುರದ ನಾಯಕ ಅರಸರು ಕಟ್ಟಿಸಿದ್ದ ಬೋನಾಳ ಕೆರೆಯನ್ನು ಮತ್ತೆ ಕಟ್ಟಿಸಿದವರೂ ಅವರೇ. ಆ ಕೆರೆ ಇಂದು ಪಕ್ಷಿಧಾಮ. ಕೆರೆಯ ಹಕ್ಕಿಗೆ ಹೀಗೆ ಕಾಗದಪತ್ರದಲ್ಲಿ ಒಂದು ಜಾಗ ಸಿಕ್ಕಿತು. ಬಯಲಿನ ಹಕ್ಕಿಗೆ ಸಿಗಲಿಲ್ಲ.

ಟಂಡ್ರಾದಷ್ಟು ದೂರವಲ್ಲದಿದ್ದರೂ ಕಜಕಿಸ್ತಾನದ ಹುಲ್ಲುಬಯಲಿನಿಂದ ಪ್ರತಿ ಚಳಿಗಾಲ ದಖ್ಖನಕ್ಕೆ ಬರುವ ನೆಲಗೂಡಿನ ಬೇಟೆಹಕ್ಕಿಯೊಂದಿದೆ. ಸೆಳೆವ ಎಂದು ಕನ್ನಡದ ಪಕ್ಷಿತಜ್ಞರು ಕರೆಯುವ ಹ್ಯಾರಿಯರ್ ಅದು. ಹಗಲೆಲ್ಲ ಹೊಲಗಳ ಮೇಲೆ ತಗ್ಗಿನಲ್ಲಿ ತೇಲುತ್ತ ಮಿಡತೆ, ಇಲಿ ಹಿಡಿಯುತ್ತದೆ. ಸಂಜೆಯಾದರೆ ಎಲ್ಲ ಹಕ್ಕಿಗಳೂ ಒಂದೇ ಹುಲ್ಲುಗಾವಲಿಗೆ ಬಂದು ನೆಲದ ಮೇಲೆ ಮಲಗುತ್ತವೆ. ಅಲ್ಲಿ ಬದುವಿಲ್ಲ, ಜಗಳವೂ ಇಲ್ಲ. ಬೇಕಾಗಿರುವುದು ಮೊಣಕಾಲೆತ್ತರ ಹುಲ್ಲಿರುವ, ರಾತ್ರಿ ಯಾರೂ ತುಳಿಯದ ಒಂದಿಷ್ಟು ನೆಲ.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಹುಣಸಗಿ, ಸುರಪುರ, ಶಹಾಪುರಗಳ ಎರೆ ಹೊಲಗಳಿಗೆ ಹರಿಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದಲ್ಲಿ ಭತ್ತ ಬಂತು. ಬರದ ಸೀಮೆಗೆ ನೀರು ಬಂದುದನ್ನು ಬೇಡವೆನ್ನುವವರು ಯಾರೂ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ನೀರು ಮುಟ್ಟದ ಹುಲ್ಲುಬಯಲುಗಳಿಗೆ ಸರ್ಕಾರಿ ದಾಖಲೆಯಲ್ಲಿರುವ ಹೆಸರು ಬಂಜರು. ಬಂಜರೆಂದು ಬರೆದ ನೆಲವನ್ನು ಯಾವ ಯೋಜನೆಗಾದರೂ ಕೊಡುವುದು ಸುಲಭ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ದೇಶದ ನಾನಾ ಕಡೆಯ ಹ್ಯಾರಿಯರ್ ತಂಗುದಾಣಗಳ ಮೂವತ್ತು ವರ್ಷಗಳ ಎಣಿಕೆಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಸಂಖ್ಯೆ ಇಳಿಯುತ್ತಿದೆ ಎಂಬುದು ಅದರ ಸಾರಾಂಶ. ಒಂದು ಕಾಲಕ್ಕೆ ದೊಡ್ಡ ತಂಗುದಾಣವೆಂದು ಹೆಸರಾಗಿದ್ದ, ತುಂಗಭದ್ರೆಯಾಚೆ ಆಂಧ್ರದ ರೋಳ್ಳಪಾಡುವಿನಲ್ಲೂ ಸಂಜೆಗೆ ಇಳಿಯುವ ಹಕ್ಕಿಗಳು ಬಹಳ ಕಡಿಮೆಯಾಗಿವೆ.